ಸ್ಪೆಕ್ಯುಲೇಟ್ ಅಂದರೆ ಊಹೆಯಾ, ಜೂಜಾ?

ಪ್ರಶ್ನೆ: ನಿಘಂಟಿನಲ್ಲಿ 'ಸ್ಪೆಕ್ಯುಲೇಟ್' ಅಂದರೆ ಊಹಿಸು ಎಂದಿದೆ. ಹಾಗಿದ್ದರೆ 'ಗೆಸ್' ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಷೇರು ಪೇಟೆಯಲ್ಲಿ ಸ್ಪೆಕ್ಯುಲೇಟರ್ ಅಂತಾರಲ್ಲ, ಅದೂ ಇದೇ ಪದವಾ?

ಉತ್ತರ: ಅದೇ ಪದ. ಮೊದಲು ಸುಲಭದ್ದನ್ನು ಮುಗಿಸೋಣ. ಮುಷ್ಟಿಯಲ್ಲಿ ಎಷ್ಟು ಹುಣಸೆ ಬೀಜ ಇದೆ ಹೇಳು ಅಂದರೆ ನೀವು ಮಾಡುವುದು ಗೆಸ್. ಮುಷ್ಟಿ ಬಿಚ್ಚಿದರೆ ಸರಿಯೋ ತಪ್ಪೋ ಗೊತ್ತಾಗಿಬಿಡುತ್ತದೆ. ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟದ್ದು ಯಾಕಿರಬಹುದು ಎಂದು ಟಿವಿಯಲ್ಲಿ ನಾಲ್ಕು ಜನ ಕೂತು ಗಂಟೆಗಟ್ಟಲೆ ಮಾತಾಡುತ್ತಾರಲ್ಲ, ಅದು ಸ್ಪೆಕ್ಯುಲೇಟ್. ಅಲ್ಲಿ ಬಿಚ್ಚಿ ನೋಡಲು ಮುಷ್ಟಿಯೇ ಇಲ್ಲ.

ಹುಟ್ಟಿದಾಗ ಮಾತ್ರ ಈ ಪದಕ್ಕೂ ಊಹೆಗೂ ಸಂಬಂಧವೇ ಇರಲಿಲ್ಲ. ಲ್ಯಾಟಿನ್‌ನಲ್ಲಿ 'ಸ್ಪೆಕುಲಾ' ಅಂದರೆ ಕಾವಲು ಗೋಪುರ. 'ಸ್ಪೆಕುಲಾರಿ' ಅಂದರೆ ಎತ್ತರದಲ್ಲಿ ನಿಂತು ಕಣ್ಣಿಡುವುದು. ರೋಮನ್ ಸೈನ್ಯದ ಬೇಹುಗಾರರ ಹೆಸರೇ 'ಸ್ಪೆಕುಲಾಟೋರೆಸ್'. ಇವಕ್ಕೆಲ್ಲ ಬೇರು 'ನೋಡು' ಎಂಬ ಅರ್ಥದ 'ಸ್ಪೆಕೆರೆ'. ಸ್ಪೆಕ್ಟಕಲ್ಸ್, ಇನ್ಸ್‌ಪೆಕ್ಟರ್, ಸಸ್ಪೆಕ್ಟ್ ಇದೇ ಮನೆಯ ಮಕ್ಕಳು. ಸಂಸ್ಕೃತದ 'ಪಶ್ಯತಿ' ದೂರದ ನೆಂಟ.

16ನೇ ಶತಮಾನದ ಕೊನೆಗೆ ಇದು ಇಂಗ್ಲಿಷಿಗೆ ಬಂದಾಗ ಕಣ್ಣಿನ ನೋಟ ಹೋಗಿ ಮನಸ್ಸಿನ ನೋಟವಾಗಿತ್ತು, ಅಂದರೆ ಆಳವಾದ ಯೋಚನೆ. 18ನೇ ಶತಮಾನದಲ್ಲಿ ವ್ಯಾಪಾರಿಗಳ ಕೈಗೆ ಸಿಕ್ಕಿ, ಲಾಭದ ಆಸೆಗೆ ನಷ್ಟದ ಅಪಾಯಕ್ಕೂ ಒಡ್ಡಿಕೊಂಡು ಮಾಡುವ ವ್ಯಾಪಾರ ಎಂಬ ಅರ್ಥ ಪಡೆಯಿತು. 1776ರಲ್ಲಿ ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್ ಇಂಥ ವರ್ತಕನ ಬಗ್ಗೆ ಬರೆದ: ಈ ವರ್ಷ ಧಾನ್ಯ, ಮುಂದಿನ ವರ್ಷ ವೈನ್, ಆಮೇಲೆ ಸಕ್ಕರೆ, ಹೊಗೆಸೊಪ್ಪು ಅಥವಾ ಚಹಾ. ಲಾಭ ಜಾಸ್ತಿ ಕಂಡ ಕಡೆ ನುಗ್ಗುವವನು. ಒಂದು ಲೆಕ್ಕದಲ್ಲಿ ಇವನೂ ಗೋಪುರ ಹತ್ತಿ ಕೂತವನೇ ಅಲ್ವಾ? ಕಣ್ಣು ಮಾತ್ರ ಬೆಲೆಯ ಮೇಲೆ. ನಮ್ಮ ಆದಾಯ ತೆರಿಗೆ ಕಾಯ್ದೆಯಲ್ಲೂ ಈ ಪದ ಇದೆ. ಬೆಳಿಗ್ಗೆ ಕೊಂಡ ಷೇರನ್ನು ಡೆಲಿವರಿ ಪಡೆಯದೆ ಅದೇ ದಿನ ಮಾರಿದರೆ ಅದು ಸ್ಪೆಕ್ಯುಲೇಟಿವ್ ವ್ಯವಹಾರ.

ನನಗೆ ಇದೆಲ್ಲಕ್ಕಿಂತ ಮಜಾ ಅನಿಸುವುದು ನಮ್ಮ ಪತ್ರಿಕೆಗಳು ಇದಕ್ಕೆ ಬಳಸುವ ಪದ: ಊಹಾಪೋಹ. ಸಂಸ್ಕೃತದಲ್ಲಿ 'ಊಹ' ತರ್ಕ ಮಾಡುವುದು, 'ಅಪೋಹ' ತರ್ಕಕ್ಕೆ ನಿಲ್ಲದ್ದನ್ನು ತಳ್ಳಿಹಾಕುವುದು. ಎರಡೂ ಸೇರಿದರೆ ಪರ ವಿರೋಧ ಎರಡನ್ನೂ ತೂಗಿ ನೋಡುವ ಕೆಲಸ. ಈಗ 'ಊಹಾಪೋಹಗಳಿಗೆ ಕಿವಿಗೊಡಬೇಡಿ' ಅಂದರೆ ಗಾಳಿಸುದ್ದಿ ನಂಬಬೇಡಿ ಎಂದರ್ಥ. ಇಂಗ್ಲಿಷ್ ಪದ ಗೋಪುರದಿಂದ ಇಳಿದ ಹಾಗೆಯೇ ಇದೂ ಇಳಿದುಬಂತು. ಹಾಗಾಗಿ ಸುದ್ದಿಯ ಮಾತಾದರೆ ಸ್ಪೆಕ್ಯುಲೇಷನ್‌ಗೆ ಊಹಾಪೋಹ ಚೆನ್ನಾಗಿ ಹೊಂದುತ್ತದೆ. ಪೇಟೆಯ ಮಾತಿಗೆ ಮಾತ್ರ ಅದು ಒಗ್ಗುವುದಿಲ್ಲ. ಅಲ್ಲಿ 'ಸಟ್ಟಾ ವ್ಯಾಪಾರ' ಅನ್ನಿ.