ಕೋಣ ಕಟ್ಟುವ ಕಂಬದ ಮುಖ

ಬೋರ್ನಿಯೊ ದ್ವೀಪದಲ್ಲಿರುವ ಇಂಡೊನೇಷ್ಯಾದ ಪ್ರಾಂತ್ಯವಾದ ಮಧ್ಯ ಕಾಲಿಮಂಟನ್‌ನಲ್ಲಿ, ಕಹಾಯನ್ ನದಿಯ ದಂಡೆಯ ಹಳ್ಳಿಗಳಲ್ಲಿ, ಆಳೆತ್ತರ ಮೀರಿದ ಮರದ ಕಂಬಗಳು ಕಾಣಸಿಗುತ್ತವೆ. ಒಂದರಲ್ಲಿ ಕತ್ತಿ ಹಿಡಿದ ಗಂಡಸು, ಇನ್ನೊಂದರಲ್ಲಿ ಡಚ್ಚರ ಕಾಲದ ಟೋಪಿಯವನು, ಮತ್ತೊಂದರಲ್ಲಿ ನಾಲಿಗೆ ಚಾಚಿದ ಮುಖ. ಕಣ್ಣು, ಮೂಗನ್ನು ಮಳೆ ಅರ್ಧ ತಿಂದುಹಾಕಿರುತ್ತದೆ. ಇವು ಸಪುಂಡು. ಯೂಪಸ್ತಂಭ ಎಂದರೆ ನಮಗೆ ತಟ್ಟನೆ ಅರ್ಥವಾದೀತು: ಬಲಿಯ ಕೋಣವನ್ನು ಕಟ್ಟುವುದು ಇವಕ್ಕೇ. ಮನುಷ್ಯರೂಪದ ಇಂಥ ಕೆತ್ತನೆಗಳಿಗೆ ಒಟ್ಟಾರೆ ಹೆಸರು ಹಂಪತೊಂಗ್.

ಕೆತ್ತುವವರು ಅಲ್ಲಿನ ಮೂಲನಿವಾಸಿಗಳಾದ ಙಾಜು ದಾಯಕರು. (ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ 'ಙ'ಗೆ ಕೊನೆಗೂ ಒಂದು ಕೆಲಸ ಸಿಕ್ಕಿತು!) ಅವರಲ್ಲಿ ಹೂಳಿದ ಮಾತ್ರಕ್ಕೆ ಸಾವಿನ ಕ್ರಿಯೆ ಮುಗಿಯದು. ಖರ್ಚಿಗೆ ಹಣ ಕೂಡಿಬರಲು ಎಷ್ಟೋ ವರ್ಷ ಹಿಡಿಯುತ್ತದೆ. ಆಮೇಲೆ ಹಲವು ಮನೆಯವರು ಸೇರಿ 'ತಿವಾ' ಮಾಡುತ್ತಾರೆ. ಮೂಳೆಗಳನ್ನು ಅಗೆದು ತೆಗೆದು, ಶುಚಿಮಾಡಿ, 'ಸಂಡುಂಗ್' ಎಂಬ ಪುಟ್ಟ ಮರದ ಮನೆಯಲ್ಲಿ ಇಡುತ್ತಾರೆ. ಆಗಷ್ಟೇ ಆತ್ಮ 'ಲೆವು ತತಾವು' ಎಂಬ ಸಿರಿಯೂರು ಸೇರುವುದು. ಕಂಬದಲ್ಲಿರುವವನು ಅಲ್ಲಿ ಸತ್ತವರ ಊಳಿಗಕ್ಕೆ ಜೊತೆಗೆ ಹೋಗುವ ಆಳು. ಹಿಂದೆ ಆ ಕಂಬಕ್ಕೆ ಜೀತದವರನ್ನೇ ಕಟ್ಟಿ ಕೊಲ್ಲುತ್ತಿದ್ದುದೂ ಉಂಟು. 1894ರಲ್ಲಿ ತುಂಬಂಗ್ ಅನೋಯಿ ಎಂಬಲ್ಲಿ ದಾಯಕ ಮುಖಂಡರು ಸಭೆ ಸೇರಿ, ತಲೆ ಕಡಿಯುವ ರೂಢಿಯನ್ನೂ ಜೀತವನ್ನೂ ಬಿಡಲು ಒಪ್ಪಿದರು.

ಕೆತ್ತನೆಗೆ ಬಳಸುವುದು ಉಲಿನ್ ಮರ. ದಾಲ್ಚಿನ್ನಿಯ ಕುಟುಂಬದ್ದೇ ಆದರೂ ಗಟ್ಟಿತನದಲ್ಲಿ ಕಬ್ಬಿಣದ ನೆಂಟ. ಸಾಮಾನ್ಯವಾಗಿ ನೀರಿಗೆ ಹಾಕಿದರೆ ಮುಳುಗುತ್ತದೆ, ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಬೆಳೆಯುವುದು ಮಾತ್ರ ಬಲು ನಿಧಾನ. ಕಾಲ ಲೆಕ್ಕ ಹಾಕುವವರಿಗೆ ತೊಡಕಾಗುವುದು ಈ ನಿಧಾನವೇ. ಮರ ಗಾಳಿಯಿಂದ ಹೀರಿದ ಇಂಗಾಲ ಅದೇ ಹೊತ್ತಿಗೆ ಬೆಳೆದ ಹೊರಪದರಕ್ಕೆ ಸೇರುತ್ತದೆ. ಒಳಗಿನ ಚೇಗಿಗೆ ಮತ್ತೆ ಹೊಸದು ಬರುವುದಿಲ್ಲ. ಅಲ್ಲಿರುವ ವಿಕಿರಣಶೀಲ ಇಂಗಾಲ-14 ಸುಮಾರು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತಾ ಹೋಗುತ್ತದೆ; ಎಷ್ಟು ಉಳಿದಿದೆ ಎಂದು ಅಳೆದೇ ವಯಸ್ಸು ಹೇಳುವುದು. ಕೆತ್ತುವವನು ಹೊರಗಿನ ಮೆದು ಭಾಗವನ್ನು ಸವರಿಬಿಡುತ್ತಾನೆ, ಪರೀಕ್ಷೆಗೆ ಸಿಗುವುದು ಚೇಗು. ಹಾಗಾಗಿ ಪ್ರಯೋಗಾಲಯ ಹೇಳುವ ವರ್ಷ ಆ ಚೇಗು ಬೆಳೆದ ಕಾಲದ್ದು, ಉಳಿ ತಾಗಿದ ಕಾಲದ್ದಲ್ಲ. ಎರಡರ ನಡುವೆ ನೂರಾರು ವರ್ಷಗಳ ಅಂತರವಿದ್ದರೂ ಅಚ್ಚರಿಯಿಲ್ಲ. ಹಳೆಯದಾದಷ್ಟೂ ಬೆಲೆ ಏರುವ ಕಲಾ ಮಾರುಕಟ್ಟೆಗೆ ಇದು ಕೇಳಲು ಇಷ್ಟವಾಗುವ ಮಾತಲ್ಲ.

1980ರಲ್ಲಿ ಇಂಡೊನೇಷ್ಯಾ ಸರ್ಕಾರ ಙಾಜು ದಾಯಕರ ಕಹರಿಂಗನ್ ಧರ್ಮವನ್ನು ಹಿಂದೂ ಧರ್ಮದ ಶಾಖೆಯೆಂದು ಮಾನ್ಯ ಮಾಡಿತು. ತಿವಾ ಈಗಲೂ ನಡೆಯುತ್ತದೆ, ಹೊಸ ಸಪುಂಡುಗಳು ಏಳುತ್ತವೆ. ಹಳೆಯವಕ್ಕೆ ಕಳ್ಳರ ಕಾಟ.