ಥೆರಪಿ ಸೆಂಟರ್ ದೂರ ಇದೆ, ಮನೇಲಿ ನಾವೇ ಶುರು ಮಾಡಬಹುದಾ?

ಪ್ರಶ್ನೆ: ನಮ್ಮ ಮಗನಿಗೆ ಎರಡೂವರೆ ವರ್ಷ. ಹೆಸರು ಹಿಡಿದು ಕರೆದ್ರೆ ತಿರುಗಿ ನೋಡಲ್ಲ, ಮಾತು ಬಂದಿಲ್ಲ, ಏನಾದ್ರೂ ಬೇಕಂದ್ರೆ ನಮ್ಮ ಕೈ ಹಿಡ್ಕೊಂಡು ಎಳ್ಕೊಂಡು ಹೋಗ್ತಾನೆ. ಡಾಕ್ಟರ್ ಆಟಿಸಂ ಅಂದ್ರು. ಥೆರಪಿ ಸೆಂಟರ್ ಇರೋದು ನಮ್ಮೂರಿಂದ 70 ಕಿಲೋಮೀಟರ್ ದೂರ, ವಾರಕ್ಕೆ ಒಂದ್ಸಲ ಹೋಗೋದೇ ಕಷ್ಟ. ಮನೇಲಿ ನಾವೇ ಏನಾದ್ರೂ ಮಾಡಿದ್ರೆ ಪ್ರಯೋಜನ ಇದ್ಯಾ, ಇಲ್ಲಾ ಗೊತ್ತಿಲ್ದೆ ಇನ್ನೂ ಕೆಡಿಸಿಬಿಡ್ತೀವಾ?

ಪ್ರಯೋಜನ ಇದೆ, ಕೆಡಿಸಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಪ್ರಶ್ನೆ ಕೇಳೋ ಅಪ್ಪ ಅಮ್ಮ ಮಿಕ್ಕಿದ್ದನ್ನ ಕೇಳಿಸ್ಕೊಳ್ಳೋ ಸ್ಥಿತೀಲೇ ಇರಲ್ಲ, ರಾತ್ರಿ ಎರಡು ಗಂಟೆವರೆಗೂ ಯೂಟ್ಯೂಬ್ ನೋಡಿ ನೋಡಿ ಕಣ್ಣು ಊದಿರತ್ತೆ. ನಾನು ಸ್ಪೀಚ್ ಥೆರಪಿಸ್ಟ್, ಹದಿನಾಲ್ಕು ವರ್ಷದಿಂದ ಪುಟ್ಟ ಮಕ್ಕಳ ಜೊತೆಗೇ ಕೆಲಸ. ವಾರಕ್ಕೆ ಒಂದು ಮಗು ನನ್ನ ಹತ್ರ ಇರೋದು 45 ನಿಮಿಷ. ಸ್ನಾನ, ತಿಂಡಿ, ಚಪ್ಪಲಿ ಹಾಕ್ಸೋದು, ಮಲಗಿಸೋದು ಎಲ್ಲಾ ನಿಮ್ಮ ಹತ್ರ. ಮಗುಗೆ ಇನ್ನೊಬ್ರ ಹತ್ರ ಏನೋ ಹೇಳ್ಬೇಕು ಅನ್ಸೋದು ಆ ಹೊತ್ತುಗಳಲ್ಲೇ.

ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ ಇದು. ಇಂಗ್ಲೆಂಡಲ್ಲಿ ಪ್ಯಾಕ್ಟ್ ಅಂತ ಒಂದು ವಿಧಾನ ಮಾಡಿದ್ರು, ಅದ್ರಲ್ಲಿ ಥೆರಪಿಸ್ಟ್ ಕೆಲಸ ಮಾಡೋದು ಅಪ್ಪ ಅಮ್ಮನ ಜೊತೆ. ಅವ್ರು ಮಗು ಜೊತೆ ಆಡೋದನ್ನ ವಿಡಿಯೋ ಮಾಡಿ, ಇಬ್ರೂ ಕೂತು ನೋಡಿ, ಎಲ್ಲಿ ಮಗು ಏನೋ ಹೇಳಕ್ಕೆ ಹೊರಟಿತ್ತು ಅಂತ ಹುಡುಕೋದು. 152 ಮಕ್ಕಳ ಅಧ್ಯಯನ, 2010ರಲ್ಲಿ ಫಲಿತಾಂಶ ಬಂತು. ಆಗ ದೊಡ್ಡದಾಗಿ ಬದಲಾಗಿದ್ದು ಅಪ್ಪ ಅಮ್ಮ ಸ್ಪಂದಿಸೋ ರೀತಿ, ಆಟಿಸಂ ಲಕ್ಷಣ ಅಷ್ಟೇನೂ ಕಮ್ಮಿ ಆಗಿರ್ಲಿಲ್ಲ. ಆದ್ರೆ ಐದಾರು ವರ್ಷ ಬಿಟ್ಟು ಅದೇ ಮಕ್ಕಳಲ್ಲಿ ಹೆಚ್ಚಿನವರನ್ನ ಮತ್ತೆ ನೋಡಿದಾಗ, ಪ್ಯಾಕ್ಟ್ ಸಿಕ್ಕಿದ್ದವರಲ್ಲಿ ಲಕ್ಷಣಗಳ ತೀವ್ರತೆ ಅದು ಸಿಗದ ಮಕ್ಕಳಿಗಿಂತ ಕಮ್ಮಿ ಇತ್ತು, ಅದು 2016ರಲ್ಲಿ ಪ್ರಕಟ ಆಯ್ತು. ಆಟಿಸಂ ಹೋಗ್ಬಿಡ್ತು ಅಂತಲ್ಲ, ಹಾಗೆ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ.

ನಮಗೆ ಇನ್ನೂ ಹತ್ತಿರದ್ದು ಗೋವಾದ ಕೆಲಸ. ಅಲ್ಲಿನ ಸಂಗಾತ್ ಸಂಸ್ಥೆಯವರು ಪಾಕಿಸ್ತಾನದ ರಾವಲ್ಪಿಂಡಿಯವರ ಜೊತೆ ಸೇರಿ ಇದೇ ವಿಧಾನವನ್ನ ನಮ್ಮ ಕಡೆ ಮನೆಗಳಿಗೆ ಹೊಂದಿಸ್ಕೊಂಡು, ತಜ್ಞರಲ್ಲದ ಆದ್ರೆ ಟ್ರೈನಿಂಗ್ ಆಗಿರೋ ಆರೋಗ್ಯ ಕಾರ್ಯಕರ್ತರ ಕೈಲಿ ಮಾಡ್ಸಿದ್ರು. 2ರಿಂದ 9 ವರ್ಷದ 65 ಮಕ್ಕಳು. ಅಪ್ಪ ಅಮ್ಮನ ರೀತಿ ಬದಲಾಯ್ತು, ಮಗು ತಾನಾಗೇ ಮಾತುಕತೆ ಶುರು ಮಾಡೋದು ಜಾಸ್ತಿ ಆಯ್ತು. ಆ 'ತಾನಾಗೇ' ಅನ್ನೋದು ನನಗೆ ಬಹಳ ದೊಡ್ಡ ವಿಷಯ. ಕೇಳಿದ್ದಕ್ಕೆಲ್ಲ ಗಿಳಿ ಥರ ಉತ್ತರ ಹೇಳೋ ಮಗುಗಿಂತ, ಒಂದ್ಸಲ ತಾನೇ ಬಂದು ಸೆರಗು ಎಳೆದು ಕಿಟಕಿ ಕಡೆ ತೋರ್ಸೋ ಮಗು ಮುಂದೆ ಇದೆ.

ಮಾಡೋದು ಹೇಗೆ ಅಂತ ಒಂದು ಮನೆ ಕಥೆ ಹೇಳ್ತೀನಿ. ಮೂರು ವರ್ಷದ ಹುಡುಗ, ದಿನಾ ಅಡುಗೆಮನೆ ನೆಲದ ಮೇಲೆ ಸ್ಟೀಲ್ ತಟ್ಟೆ ತಿರುಗ್ಸೋದೇ ಕೆಲಸ. ಅಮ್ಮ ಪಕ್ಕದಲ್ಲಿ ಕೂತು ಆಡ್ಸ್ತಿರೋ ವಿಡಿಯೋ ಕಳ್ಸಿದ್ರು, ನಾಲ್ಕು ನಿಮಿಷದ್ದು. 'ಇದೇನು ಪುಟ್ಟಾ? ತಟ್ಟೆ! ತಟ್ಟೆ ಅನ್ನು. ಏನ್ ಕಲರ್? ಅಮ್ಮನ್ನ ನೋಡು. ಇಲ್ಲಿ ನೋಡು. ಹೇಳು, ತ-ಟ್ಟೆ.' ಹುಡುಗ ನಿಧಾನಕ್ಕೆ ಬೆನ್ನು ಹಾಕಿ ಕೂತ್ಬಿಟ್ಟ. ನಾವಿಬ್ರೂ ಕೂತು ಮತ್ತೆ ನೋಡಿದ್ವಿ. ಎಲ್ಲಿ ತಿರುಗಿ ಕೂತ ನೋಡಿ ಅಂದೆ, ಅವ್ರೇ ಕಂಡುಹಿಡಿದ್ರು, 'ನಾನು ಒಂದ್ ಗಳಿಗೆ ಸುಮ್ನೆ ಇಲ್ವಲ್ಲ ಮೇಡಂ' ಅಂದ್ರು, ಕಣ್ಣಲ್ಲಿ ನೀರು ಬಂತು. ಅವ್ರ ತಪ್ಪಿಲ್ಲ, ಮಾತಾಡದ ಮಗು ಮುಂದೆ ನಾವೆಲ್ಲ ಹಾಗೇ ಜಾಸ್ತಿ ಮಾತಾಡ್ತೀವಿ.

ಮುಂದಿನ ವಾರ ಅವ್ರು ಇನ್ನೊಂದು ತಟ್ಟೆ ತಗೊಂಡು ಎದುರುಗಡೆ ಕೂತ್ರು. ಅವನು ತಿರುಗ್ಸಿದ್ರೆ ಇವ್ರೂ ತಿರುಗ್ಸಿದ್ರು, ಮಾತಿಲ್ಲ. ಮೂರನೇ ಸಲಕ್ಕೆ ಅವನು ತನ್ನ ತಟ್ಟೆ ಕೈಯಲ್ಲಿ ಅಮುಕಿ ನಿಲ್ಸಿ ಅಮ್ಮನ ತಟ್ಟೆ ನೋಡಿದ, ಆಮೇಲೆ ಅಮ್ಮನ ಮುಖ. ಅವ್ರು 'ಠಣ್' ಅಂದು ತಟ್ಟೆ ಬೀಳ್ಸಿದ್ರು. ನಕ್ಕ. ತಟ್ಟೆ ಎತ್ತಿ ಅಮ್ಮನ ಕೈಗೆ ಕೊಟ್ಟ, ಇನ್ನೊಂದ್ಸಲ ಅಂತ. ಮಾತು ಇನ್ನೂ ಬಂದಿಲ್ಲ, ಆದ್ರೆ ಮಾತುಕತೆ ಶುರುವಾಗಿದೆ. ಹನ್ನೊಂದು ದಿನ ಆದ್ಮೇಲೆ 'ತಣ್' ಅಂತ ಅವನೇ ಅಂದ.

ವಿಧಾನದ ತಿರುಳು ಅಷ್ಟೇ. ಮಗು ಕಣ್ಣಿಗೆ ಕಾಣೋ ಹಾಗೆ ನೆಲದ ಮೇಲೆ ಎದುರು ಕೂತ್ಕೊಳ್ಳಿ, ಅದಕ್ಕೆ ಇಷ್ಟ ಇರೋದ್ರಲ್ಲೇ ನೀವು ಸೇರ್ಕೊಳ್ಳಿ, ಪ್ರಶ್ನೆ ಬಿಡಿ, ಒಂದೆರಡು ಪದ ಸಾಕು. ಆಮೇಲೆ ಕಾಯಿರಿ, ಮನಸ್ಸಲ್ಲೇ ಹತ್ತು ಎಣಿಸಿ, ಮೊದ್ಲು ಬಹಳ ಕಷ್ಟ ಆಗತ್ತೆ. ಸ್ನಾನದಲ್ಲಿ ಚೊಂಬು ಎತ್ತಿ ಹಿಡಿದು 'ಒಂದು... ಎರಡು...' ಅಂತ ನಿಲ್ಸಿ. ಕಣ್ಣು, ಕೈ, ಒಂದು ಸದ್ದು, ಯಾವುದು ಬಂದ್ರೂ ಅದು ಉತ್ತರ, ತಕ್ಷಣ ನೀರು ಹಾಕಿ. ಬಿಸ್ಕೆಟ್ ತೋರ್ಸಿ 'ಹೇಳಿದ್ರೇನೇ ಕೊಡೋದು' ಅಂತ ಅಳಿಸೋದು ಮಾತ್ರ ಬೇಡ, ದಯವಿಟ್ಟು ಬೇಡ, ಮಾತು ಅಂದ್ರೆ ಸಂಕಟ ಅಂತ ಮಗು ಕಲಿಯತ್ತೆ. ದಿನಕ್ಕೆ ಒಟ್ಟು ಅರ್ಧ ಗಂಟೆ ಆದ್ರೂ ಸಾಕು, ಹತ್ತತ್ತು ನಿಮಿಷ ಮೂರು ಸಲ ಮಾಡಿದ್ರೂ ನಡೆಯತ್ತೆ. ಆ ಹೊತ್ತಲ್ಲಿ ಟಿವಿ, ಮೊಬೈಲ್ ಆಫ್.

ಯಾವ ಭಾಷೇಲಿ ಅಂತ ಎಲ್ಲರೂ ಕೇಳ್ತಾರೆ. ನಿಮ್ಮ ಬಾಯಲ್ಲಿ ಸಲೀಸಾಗಿ ಬರೋ ಭಾಷೇಲಿ. ಸ್ಕೂಲಿಗೆ ಬೇಕಾಗತ್ತೆ ಅಂತ ಮನೇಲಿ ಬರೀ ಇಂಗ್ಲಿಷ್ ಶುರು ಮಾಡಿದ ಎಷ್ಟೋ ಅಪ್ಪ ಅಮ್ಮ ನನಗೆ ಗೊತ್ತು, ಕೊನೆಗೆ ಮಗು ಜೊತೆ ಜೋಗುಳ ಇಲ್ಲ, ಮುದ್ದು ಮಾತಿಲ್ಲ, 'ಸಿಟ್ ಡೌನ್', 'ಕಮ್ ಹಿಯರ್' ಅಷ್ಟೇ ಉಳಿದಿರತ್ತೆ. ಎರಡು ಭಾಷೆ ಕೇಳಿದ್ರೆ ಆಟಿಸಂ ಇರೋ ಮಗುಗೆ ಮಾತು ಇನ್ನೂ ತಡ ಆಗತ್ತೆ ಅನ್ನೋದಕ್ಕೆ ಆಧಾರ ಇಲ್ಲ.

ಇನ್ನು ಮನೆಯವರ ವಿಷಯ. ಅಪ್ಪ ಅಮ್ಮನ ಮೂಲಕ ಥೆರಪಿ ಅಂದ ತಕ್ಷಣ ಎಲ್ಲಾ ಅಮ್ಮನ ತಲೆ ಮೇಲೇ ಬೀಳತ್ತೆ, ಅದು ಅನ್ಯಾಯ. ಸ್ನಾನ ಅಪ್ಪ ಮಾಡ್ಸ್ಲಿ, ಸಂಜೆ ಅಂಗಳದ ಆಟ ಅಜ್ಜಿ ತಾತಂದು. 'ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಸುಮ್ನಿರಿ' ಅನ್ನೋ ಅತ್ತೆಯವರಿಗೆ ನೀವು ಮಗು ಜೊತೆ ಆಡೋ ವಿಡಿಯೋ ತೋರ್ಸಿ. ಜಗಳಕ್ಕಿಂತ ವಿಡಿಯೋ ಚೆನ್ನಾಗಿ ಕೆಲಸ ಮಾಡತ್ತೆ. ಮತ್ತೆ ಅಮ್ಮ ಕೆಲಸಕ್ಕೆ ಹೋದ್ರಿಂದ ಹೀಗಾಯ್ತು, ಅಪ್ಪಿ ಮುದ್ದು ಮಾಡದೆ ಹೀಗಾಯ್ತು ಅನ್ನೋದು ಶುದ್ಧ ಸುಳ್ಳು.

ಮನೇಲಿ ಮಾಡಬಹುದು ಅಂದ್ರೆ ಒಬ್ಬರೇ ಮಾಡಿ ಅಂತಲ್ಲ. ಮೊದ್ಲು ಕಿವಿ ಪರೀಕ್ಷೆ ಆಗ್ಲಿ, ಬೆರಾ ಟೆಸ್ಟ್ ಅಂತಾರೆ, ಕಿವಿ ಸರಿಯಾಗಿ ಕೇಳದೇ ಇದ್ರೂ ಹೆಸರು ಕರೆದಾಗ ಮಗು ತಿರುಗಲ್ಲ. ಜಿಲ್ಲಾಸ್ಪತ್ರೇಲಿ ಡಿಇಐಸಿ ಕೇಂದ್ರ ವಿಚಾರ್ಸಿ, ಮಕ್ಕಳನ್ನ ಬೇಗ ಗುರುತಿಸಿ ನೆರವು ಕೊಡಕ್ಕೆ ಅಂತಲೇ ಸರ್ಕಾರದ ಆರ್‌ಬಿಎಸ್‌ಕೆ ಯೋಜನೇಲಿ ಮಾಡಿರೋದು, ದುಡ್ಡು ಕೊಡಬೇಕಿಲ್ಲ. ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಗೆ ದಾರಿ ಗೊತ್ತಿರತ್ತೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಕಡೆ ಅಪ್ಪ ಅಮ್ಮಂಗೆ ಕಲಿಸಿ ಕಳಿಸ್ತಾರೆ. 70 ಕಿಲೋಮೀಟರ್ ದೂರದ ನಿಮ್ಮ ಸೆಂಟರಿನವರನ್ನೂ ಕೇಳಿ, ತಿಂಗಳಿಗೆ ಎರಡು ಸಲ ಬರ್ತೀವಿ, ಮಧ್ಯದಲ್ಲಿ ವಿಡಿಯೋ ಕಳಿಸ್ತೀವಿ, ಫೋನಲ್ಲಿ ಹೇಳಿಕೊಡ್ತೀರಾ ಅಂತ. ಎಷ್ಟೋ ಜನ ಒಪ್ತಾರೆ. ಬಂದಿದ್ದ ಮಾತು ಹೋದ್ರೆ, ಫಿಟ್ಸ್ ಥರ ಕಂಡ್ರೆ ಮಾತ್ರ ಕಾಯ್ಬೇಡಿ, ನೇರ ಡಾಕ್ಟರ್ ಹತ್ರ ಹೋಗಿ. ಸ್ಟೆಮ್ ಸೆಲ್ ಹಾಕ್ಸಿ ಅಂತ ಲಕ್ಷಗಟ್ಟಲೆ ಕೇಳಿದ್ರೆ ಒಡವೆ ಅಡ ಇಡ್ಬೇಡಿ, ಆಟಿಸಂಗೆ ಅದನ್ನ ಶಿಫಾರಸು ಮಾಡಲ್ಲ ಅಂತ 2022ರಲ್ಲೇ ದೇಶದ ಡಾಕ್ಟರ್‌ಗಳಿಗೆ ನಿಯಮ ಮಾಡೋ ನ್ಯಾಷನಲ್ ಮೆಡಿಕಲ್ ಕಮಿಷನ್ ಹೇಳಿದೆ.

ಇವತ್ತು ಸಂಜೆ ಮಗ ಏನಾಡ್ತಿದ್ರೂ ಸರಿ, ಮೊಬೈಲನ್ನ ಡಬ್ಬಿಗೆ ಒರಗಿಸಿ ಇಟ್ಟು ಐದು ನಿಮಿಷ ರೆಕಾರ್ಡ್ ಮಾಡಿ. ಅವನು ಮಲಗಿದ್ಮೇಲೆ ಇಬ್ರೂ ಕೂತು ನೋಡಿ, ಅವನು ಎಷ್ಟು ಸಲ ನಿಮ್ಮ ಕಡೆ ನೋಡಿದ, ಆಗ ನೀವು ಏನ್ ಮಾಡ್ತಿದ್ರಿ ಅಂತ. ಆ ವಿಡಿಯೋ ಡಿಲೀಟ್ ಮಾಡ್ಬೇಡಿ, ಮುಂದಿನ ಸಲ ಸೆಂಟರಿಗೆ ಹೋದಾಗ ಮೊದ್ಲು ಅದನ್ನೇ ತೋರ್ಸಿ.