ಟೈಟಾನಿಯಂ ವಾಲ್ವೂ ಶಹಾಬಾದಿನ ದೂಳೂ

ಕಳೆದ ಬೇಸಿಗೆಯಲ್ಲಿ ಹುಡುಗನೊಬ್ಬ 250 ಸಿಸಿ ಮೋಟೋಕ್ರಾಸ್ ಬೈಕನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಕಲಬುರಗಿಯ ನನ್ನ ಗ್ಯಾರೇಜಿಗೆ ತಂದ. "ಉಸ್ತಾದರೇ, ಕಿಕ್ ಹೊಡೆದು ಕಾಲು ಸೋತುಹೋಯಿತು. ಒಳಗಿರುವುದು ಟೈಟಾನಿಯಂ ವಾಲ್ವ್, ಅವಕ್ಕೇನೂ ಆಗಿರಲಿಕ್ಕಿಲ್ಲ" ಎಂದ.

ವಾಲ್ವೆಂದರೆ ಎಂಜಿನ್ನಿಗೆ ಗಾಳಿ-ಪೆಟ್ರೋಲು ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು. ಅದರ ಮೇಲಿನ ಹೆಡ್ ಕವರ್ ಬಿಚ್ಚಿ, ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿದೆ. ಗಾಳಿ ಒಳಬರುವ ಇನ್‌ಟೇಕ್ ಕಡೆ, ವಾಲ್ವಿಗೂ ಅದನ್ನು ಒತ್ತುವ ಕ್ಯಾಮಿಗೂ ನಡುವೆ 0.10 ಮಿ.ಮೀ. ಸಂದಾದರೂ ಇರಬೇಕಾದಲ್ಲಿ 0.05ರ ಎಲೆಯೂ ಹೋಗಲಿಲ್ಲ. ಏರ್ ಫಿಲ್ಟರ್ ತೆಗೆದು ಹಿಂದಿನ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿದರೆ ಜೋಳದ ಹಿಟ್ಟಿನಷ್ಟು ನುಣುಪಾದ ಪುಡಿ. ಶಹಾಬಾದಿನ ಕಲ್ಲುಗಣಿಗಳ ದಾರಿಯಲ್ಲಿ ಅವನ ಅಭ್ಯಾಸ ನಡೆಯುತ್ತಿತ್ತಂತೆ.

ಟೈಟಾನಿಯಂ ಹಾಕುವುದಕ್ಕೆ ಕಾರಣವಿಲ್ಲದೆ ಇಲ್ಲ. ಒಂದು ಘನ ಸೆಂ.ಮೀ. ಉಕ್ಕು 7.8 ಗ್ರಾಂ ತೂಗಿದರೆ ಟೈಟಾನಿಯಂ 4.5 ಗ್ರಾಂ. ವಾಲ್ವ್ ಕೆಳಗಿಳಿದು, ನಿಂತು, ಹಿಂದಿರುಗಬೇಕು. ಎಂಜಿನ್ ಸುತ್ತು ನಿಮಿಷಕ್ಕೆ 6,000ದಿಂದ 12,000ಕ್ಕೆ ಏರಿದರೆ ಅದನ್ನು ಹಿಂದಕ್ಕೆಳೆಯಲು ಬೇಕಾದ ಬಲ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಸ್ಪ್ರಿಂಗಿಗೆ ಅಷ್ಟು ಶಕ್ತಿ ಇಲ್ಲದಿದ್ದರೆ ವಾಲ್ವ್ ಕ್ಯಾಮಿನ ಹಿಡಿತ ತಪ್ಪಿ ತೇಲುತ್ತದೆ. ಹಗುರ ವಾಲ್ವಿಗೆ ಮೆತ್ತನೆಯ ಸ್ಪ್ರಿಂಗೇ ಸಾಕು.

ಆದರೆ ಉಕ್ಕಿಗೆ ಉಜ್ಜಿದರೆ ಟೈಟಾನಿಯಂ ಬೇಗ ಕಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಅದರ ಮೇಲೊಂದು ಗಟ್ಟಿಯಾದ ತೆಳು ಲೇಪವಿರುತ್ತದೆ. ದೂಳು ಆ ಲೇಪವನ್ನು ತಿಂದುಹಾಕಿದ ಮೇಲೆ ವಾಲ್ವ್ ತಾನು ಕೂರುವ ಸೀಟಿನೊಳಗೆ ಹುದುಗುತ್ತ ಹೋಗಿ ಸಂದು ಮುಚ್ಚುತ್ತದೆ, ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಶನ್, ಸೋರುತ್ತದೆ. ವಾಲ್ವಿನ ತುದಿಯಲ್ಲಿ ಕೂರುವ ಶಿಮ್ ಎಂಬ ಬಿಲ್ಲೆಯನ್ನು ತೆಗೆದು ಅದಕ್ಕಿಂತ ತೆಳುವಾದದ್ದನ್ನು ಹಾಕಿ ಸಂದು ಸರಿಪಡಿಸಬಹುದು. ಸ್ವಲ್ಪ ದಿನದಲ್ಲೇ ಮತ್ತೆ ಮುಚ್ಚಿದರೆ ಆ ವಾಲ್ವಿನ ಕಥೆ ಮುಗಿದಂತೆ. ಉಕ್ಕಿನ ವಾಲ್ವಿನಂತೆ ಸಾಣೆ ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜುವ ಮೆಕ್ಯಾನಿಕ್ ಉಳಿದ ಲೇಪವನ್ನೂ ತೆಗೆದುಬಿಡುತ್ತಾನೆ. ನಾನೂ ಮೊದಮೊದಲು ಹೀಗೆ ಒಂದು ಜೊತೆ ಹಾಳು ಮಾಡಿದ್ದೇನೆ.

ಆ ಹುಡುಗನ ಎಂಜಿನ್ನಿಗೆ ಸೀಟ್ ಹೊಸದಾಗಿ ಕತ್ತರಿಸಿ, ಸ್ಟೀಲ್ ವಾಲ್ವ್ ಕೂರಿಸಿದೆ. ಜೊತೆಗೆ ಗಡಸು ಸ್ಪ್ರಿಂಗ್ ಹಾಕಲೇಬೇಕು. ಹಳೆಯದು ಆ ತೂಕವನ್ನು ತಡೆಯುವುದಿಲ್ಲ.

ಫೋರ್ಜ್ಡ್, ಅಂದರೆ ಲೋಹವನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಪಿಸ್ಟನ್ ಬಗ್ಗೆ ನನಗೆ ಇಷ್ಟು ತಕರಾರಿಲ್ಲ. ಪಿಸ್ಟನ್ ಓಡಾಡುವ ಬೋರ್ ಹೇಗೂ ಸವೆದಿದ್ದರೆ ಹಾಕಿಸಿಕೊಳ್ಳಿ. ಅದು ಸಾಮಾನ್ಯ ಎರಕದ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗುವುದರಿಂದ ಪಿಸ್ಟನ್ ಪೆಟ್ಟಿಗೆಯ ಚೀಟಿಯಲ್ಲಿ ಹೇಳಿದಷ್ಟೇ ಸಂದು ಉಳಿಯುವಂತೆ ಬೋರ್ ಮಾಡಿಸಬೇಕು. ಲೇತಿನವರು ರೂಢಿಯಂತೆ ಬಿಗಿಯಾಗಿ ಮಾಡಿಕೊಟ್ಟರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಪಿಸ್ಟನ್ ಜಾಮ್ ಆಗುತ್ತದೆ. ಬೆಳಗಿನ ಚಳಿಯಲ್ಲಿ ಟಕಟಕ ಸದ್ದು ಬಂದರೆ ಗಾಬರಿ ಬೇಡ, ಎಂಜಿನ್ ಬಿಸಿಯಾಗುವವರೆಗೆ ಆಕ್ಸಲರೇಟರ್ ತಿರುವಬೇಡಿ.

ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರವನ್ನು, ಅಂದರೆ ಮ್ಯಾಗ್ನೆಟ್ಟನ್ನು, ಕೆತ್ತಿಸಿ ಹಗುರ ಮಾಡಿಸಿಕೊಳ್ಳಲು ಬರುವವರನ್ನು ಮಾತ್ರ ವಾಪಸು ಕಳಿಸುತ್ತೇನೆ. ಮಳೆಗಾಲದ ಎರೆಮಣ್ಣಿನಲ್ಲಿ ಕಡಿಮೆ ಸುತ್ತಿನಲ್ಲೂ ಎಂಜಿನ್ ನಿಲ್ಲದಂತೆ ಕಾಯುವುದು ಆ ಭಾರವೇ. ನಾಲ್ಕು ಗಾಲಿಯ ಎಟಿವಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 411ರಂತಹ ಬೈಕಿಗೆ ಟೈಟಾನಿಯಂ ಕೇಳುವವರೂ ಇದ್ದಾರೆ. 6,500 ಸುತ್ತಿಗೇ ಪೂರ್ತಿ ಶಕ್ತಿ ಕೊಡುವ ಎಂಜಿನ್ನಿಗೆ ಅದೇಕೆ?

ಹುಡುಗ ಈಗ ಎರಡು ಫೋಮ್ ಫಿಲ್ಟರ್ ಇಟ್ಟುಕೊಂಡಿದ್ದಾನೆ. ಒಂದು ಬೈಕಿನಲ್ಲಿ, ಇನ್ನೊಂದು ತೊಳೆದು ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ. ಪೆಟ್ರೋಲಿನಲ್ಲಿ ತೊಳೆದರೆ ಫೋಮಿನ ಜೋಡಣೆಯ ಅಂಟೇ ಬಿಟ್ಟುಹೋಗುತ್ತದೆಂದು ಹೇಳಿದ್ದೆ. ಮೊದಲನೆಯದನ್ನು ಅದರಲ್ಲೇ ತೊಳೆದು ತಂದು ತೋರಿಸಿದ.